ಗಂಟು ಬಂತು, ಗಂಡ ಬರಲಿಲ್ಲ

ಗೆಳೆಯರೇ, ಒಂಬತ್ತನೇ ಸಲಕ್ಕೆ ನನ್ನ ಗಂಡ ವಿಡಿಯೊದಲ್ಲಿ ಪೂರ್ತಿ ಬಂದರು!

ತಮ್ಮ ಮಗ ಸೀರೆ ಗಂಟು ಹೇರಿಕೊಂಡು ಬೈಕಿನಲ್ಲಿ ಹೋಗುವುದನ್ನು ಸ್ಟೇಟಸ್ಸಿಗೆ ಹಾಕಬೇಕೆಂದು ಅತ್ತೆಯ ಆಸೆ. ನನ್ನ ಮದುವೆಗೆ ತಂಗಿ ಕೊಟ್ಟ ಕ್ಯಾಮೆರಾ ಹಿಡಿದು ಬನಹಟ್ಟಿಯ ನಮ್ಮ ಓಣಿಯಲ್ಲಿ ನಿಂತೆ. ಇವರು ಬರ್ರನೆ ಹೋದಂತೆ ಕ್ಯಾಮೆರಾ ತಿರುಗಿಸಿದರೆ ಚಿತ್ರ ಹಿಂದೆಯೇ ಉಳಿದು, ಆಮೇಲೆ ಜಿಗಿಯುತ್ತಿತ್ತು. ಎಂಟು ಸಲವೂ ಬಂದದ್ದು ಬೈಕಿನ ಹಿಂದಿದ್ದ ಗಂಟು ಮಾತ್ರ.

“ಏನವಾ, ನನ್ನ ಮಗನ ಬಿಟ್ಟು ಗಂಟಿನ ಕೂಡ ಮದಿವಿ ಆಗಿಯೇನ?” ಎಂದರು ಅತ್ತೆ.

ತಂಗಿಗೆ ಫೋನ್ ಮಾಡಿದೆ. “ಅಕ್ಕಾ, ನೀ ತಿರುಗಿಸೂದನ್ನ ಅದು ಕೈ ನಡುಗಾಕತ್ತೈತಿ ಅಂತ ತಿಳಕೊಂಡು ಹಿಂದಕ್ಕ ಜಗ್ಗತೈತಿ. ಆ ನಡುಕ ತಡಿಯೂ ಸ್ಟೆಬಿಲೈಸೇಷನ್ ಬಂದ್ ಮಾಡ!”

ಮಾಡಿದೆ. ಗಂಡ ಬಂದರು, ಆದರೆ ಅತ್ತೆಯ ಮಾತು ನೆನಪಾಗಿ ಬಂದ ನಗುವಿಗೆ ನನ್ನ ಕೈ ನಡುಗಿ, ಚಳಿಜ್ವರ ಹಿಡಿದವರಂತೆ ಬಂದರು. ಸ್ಟೇಟಸ್ ನೋಡಿದವರೆಲ್ಲ ಅವರ ಆರೋಗ್ಯ ವಿಚಾರಿಸುತ್ತಿದ್ದಾರೆ. ಗಟ್ಟಿಮುಟ್ಟಾಗಿದ್ದಾರೆ ಕಣ್ರೀ! ನಂಬದವರು ಕುಡಚಿ ಸ್ಟೇಷನ್ನಿಗೆ ಬಂದು ನೋಡಿ, ನಮ್ಮೂರಿಗೆ ಬರುತ್ತಿರುವ ನನ್ನ ತಂಗಿಯನ್ನು ಕರೆತರಲು ಅವರೇ ಬರುತ್ತಾರೆ: ಶುಕ್ರವಾರ, ಬೆಳಗಿನ ಮಿರಜ್ ರೈಲು.