ನಂಜಮ್ಮನಿಗೆ ತಲುಪದ ಕರೆ

ಹರಳೆಣ್ಣೆ ಬೆಚ್ಚಗಾಗುವ ವಾಸನೆ ಮೂಗಿಗೆ ಬಡಿದರೆ ಸಾಕು, ಇಂದಿಗೂ ನಾನು ಮಾಡುತ್ತಿದ್ದ ಕೆಲಸ ಮರೆತುಬಿಡುತ್ತೇನೆ. ಮೊನ್ನೆ ಪಕ್ಕದ ಮನೆಯವರು ಮಗುವಿನ ತಲೆಗೆ ಹಚ್ಚಲು ಎಣ್ಣೆ ಕಾಯಿಸುತ್ತಿದ್ದರು, ಅಷ್ಟೇ. ನಾನು ಕೈಯಲ್ಲಿದ್ದ ಸೌಟನ್ನು ಹಾಗೇ ಇಟ್ಟು ಕುರ್ಚಿಯಲ್ಲಿ ಕೂತುಬಿಟ್ಟೆ. ಕಣ್ಣ ಮುಂದೆ ಬಂದದ್ದು ಬಾಗಲಗುಂಟೆಯ ನಮ್ಮ ಹಳೆಯ ಮನೆ. ಸಗಣಿ ಸಾರಿಸಿದ ನಡುಮನೆ, ಮಧ್ಯಾಹ್ನದ ಹೊತ್ತು ಬೆಳಕಿಂಡಿಯಿಂದ ಅಲ್ಲಿಗೆ ಇಳಿಯುತ್ತಿದ್ದ ಬಿಸಿಲು, ಹಿತ್ತಿಲ ದ್ರಾಕ್ಷಿ ಚಪ್ಪರದ ಹುಳಿಹುಳಿ ಗಾಳಿ, ದನದ ಕೊಟ್ಟಿಗೆಯ ಬಿಸಿ ಉಸಿರು. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ನಿಂತಿದೆ. ಕಟ್ಟಿಸಿದವರು ನಮ್ಮವರೇ, ಬಯ್ಯೋಣವೆಂದರೂ ಬೇರೆ ಯಾರೂ ಇಲ್ಲ. ನೀವೂ ಅಂಥ ಮನೆಯೊಂದನ್ನು ಕಳೆದುಕೊಂಡವರಾದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಹರಳೆಣ್ಣೆ ಎಂದರೆ ನನಗೆ ನಂಜಮ್ಮ. ದಾಸರಹಳ್ಳಿಯಲ್ಲಿ ಒಂಟಿಯಾಗಿದ್ದ ಹೆಂಗಸು. ಗಂಡ ಹೋಗಿ ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಸಾಯುವವರ ಪಕ್ಕ ಕೂರುವುದು ಅವಳ ಕೆಲಸ. ಸುತ್ತಿನ ಹಳ್ಳಿಗಳಲ್ಲಿ ಯಾರಾದರೂ ಇನ್ನು ಹಾಸಿಗೆಯಿಂದ ಏಳುವುದಿಲ್ಲ ಎಂದಾದಾಗ, ಆ ಮನೆಯವರೊಬ್ಬರು ಹೋಗಿ ಅವಳನ್ನು ಕರೆಯುತ್ತಿದ್ದರು. ಕರೆಯದೆ ಅವಳು ಯಾರ ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ. ತಾನಾಗಿ ಹೋದರೆ ಸಾವನ್ನೇ ಕರಕೊಂಡು ಬಂದಳು ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಆದರೆ ಕರೆ ಬಂದರೆ, ಎಂಥ ಜಗಳದ ಮನೆಯಾದರೂ ಸರಿ, ಇಲ್ಲವೆಂದವಳಲ್ಲ. ಬಂದ ಮೇಲೆ ಅವಳದೇ ದರ್ಬಾರು. “ಅಳಾಕೆ ಆಮೇಲೆ ಬೇಕಾದಷ್ಟು ಒತ್ತೈತೆ, ಈಗ ಎಲ್ರೂ ಆಚೆ ನಡೀರಿ” ಎಂದು ಗೋಳಾಡುವವರನ್ನೆಲ್ಲ ಹಿತ್ತಿಲಿಗೆ ಅಟ್ಟುವಳು. ಎಣ್ಣೆ ಬೆಚ್ಚಗೆ ಮಾಡಿ ಅಂಗಾಲಿಗೆ ತಿಕ್ಕುವಳು, ಒದ್ದೆಬಟ್ಟೆಯಿಂದ ತುಟಿ ಒರೆಸುವಳು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವಳು. ಆಮೇಲೆ ಕಿವಿಯ ಹತ್ತಿರ ಬಾಗಿ, “ಯಾರ್ನ ನೋಡ್ಬೇಕವ್ವಾ? ಮನ್ಸಾಗೆ ಏನೈತೆ, ಯೋಳ್ಬುಡು” ಎಂದು ಕೇಳುವಳು. ನಮ್ಮ ಎದುರುಮನೆಯ ಮುದುಕ ಹಾಗೆ, ಹತ್ತು ವರ್ಷ ಮಾತುಬಿಟ್ಟಿದ್ದ ತಮ್ಮನನ್ನು ಕರೆಸಿಕೊಂಡು, ಅವನ ಕೈ ಹಿಡಿದುಕೊಂಡೇ ಹೋದ. ಈಗ ಇದಕ್ಕೆಲ್ಲ ತರಬೇತಿ ಕೊಡುತ್ತಾರಂತೆ, ಇಂಗ್ಲಿಷಿನಲ್ಲಿ ಒಂದು ಹೆಸರೂ ಇದೆಯಂತೆ, ಮೊಮ್ಮಗಳು ಹೇಳಿದಳು. ನಂಜಮ್ಮನಿಗೆ ಓದುಬರಹವೇ ಬರುತ್ತಿರಲಿಲ್ಲ.

ಮಕ್ಕಳಾದ ನಮ್ಮ ತರ್ಕವೇ ಬೇರೆ. ನಂಜಮ್ಮ ಯಾರ ಪಕ್ಕ ಕೂತಳೋ ಅವರು ಸತ್ತರು, ಒಬ್ಬರೂ ಉಳಿದದ್ದಿಲ್ಲ. ಹಾಗಿದ್ದರೆ ಅವಳು ಬರದಿದ್ದರೆ? ನನಗೆ ಹನ್ನೊಂದು ವರ್ಷವಿದ್ದಾಗ, ಅರವತ್ತರ ದಶಕದ ಮೊದಲಲ್ಲಿ, ನಮ್ಮಜ್ಜಿ ಮಲಗಿದಳು. ಅಪ್ಪನ ತಾಯಿ ಅವಳು, ನನ್ನನ್ನು ಮಗ್ಗುಲಲ್ಲೇ ಮಲಗಿಸಿಕೊಂಡು ಬೆಳೆಸಿದವಳು. ಒಂದು ಬೆಳಿಗ್ಗೆ ಗಂಜಿಯ ಬಟ್ಟಲನ್ನು ಸರಿಸಿ, “ಪದ್ದೂ, ಓಗಿ ನಂಜಮ್ಮನ್ನ ಕರ್ಕೊಂಬಾ. ಅವಳತ್ರ ಒಂದು ಮಾತು ಆಡೋದೈತೆ” ಎಂದಳು. ಅಪ್ಪ ಡಾಕ್ಟರನ್ನು ಕರೆತರಲು ಯಶವಂತಪುರಕ್ಕೆ ಹೋಗಿದ್ದ, ಅಮ್ಮ ಅಜ್ಜಿಯ ಪಕ್ಕ ಬಿಟ್ಟು ಏಳುವಂತಿರಲಿಲ್ಲ. ನಾನೇ ಹೊರಟೆ. ಕೆರೆ ಏರಿಯವರೆಗೆ ಓಡಿದೆ. ಅಲ್ಲಿ ನನ್ನ ಕಾಲು ನಿಂತುಬಿಟ್ಟಿತು. ಹೊಂಗೆ ಮರದ ಕೆಳಗೆ ಕೂತು, ಹೋಗಿ ಬರುವಷ್ಟು ಹೊತ್ತು ಕಳೆದು, ವಾಪಸು ಬಂದು ಹೇಳಿದೆ: “ಮನೇಗೆ ಬೀಗ ಹಾಕೈತೆ. ಸೋಲದೇವನಹಳ್ಳೀಲಿ ಯಾರಿಗೋ ಹುಷಾರಿಲ್ಲಾಂತ ಹೋಗವ್ಳಂತೆ. ಬಂದ ತಕ್ಷಣ ಕಳ್ಸಿ ಅಂತ ಅಲ್ಲಿದ್ದೋರಿಗೆ ಹೇಳ್ಬಂದಿವ್ನಿ.” ಅಜ್ಜಿಯನ್ನು ಉಳಿಸಿಕೊಂಡೆ ಎಂದು ಒಳಗೊಳಗೇ ಹಿಗ್ಗಿದ್ದೆ ಕೂಡ. ನನ್ನ ಬುದ್ಧಿಗಿಷ್ಟು!

ಅಜ್ಜಿ ಮೂರು ದಿನ ಬದುಕಿದಳು. ಡಾಕ್ಟರು ಬಂದು ಸೂಜಿ ಚುಚ್ಚಿ ಹೋದರು. ನೆಂಟರು ಬಂದರು, ನಡುಮನೆ ತುಂಬಿತು, ಅತ್ತೆಯಂದಿರು ಅವಳ ಎದೆಯ ಮೇಲೇ ಬಿದ್ದು ಅತ್ತರು. ಅವರನ್ನು ಹಿತ್ತಿಲಿಗೆ ಅಟ್ಟುವ ಧೈರ್ಯ ಯಾರಿಗಿತ್ತು? ಅಜ್ಜಿ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಅಪ್ಪ, “ನಿಂಗೇನೂ ಆಗಾಕಿಲ್ಲ, ಅಂಥ ಮಾತು ಆಡ್ಬೇಡ, ಸುಮ್ಕೆ ಮಲಿಕ್ಕೋ” ಎಂದು ತಡೆಯುತ್ತಿದ್ದ. ಪಾಪ, ಅವನಿಗೂ ಕೇಳಿಸಿಕೊಳ್ಳುವ ಶಕ್ತಿ ಇರಲಿಲ್ಲ. ಹೊರಗೆ ಹೆಜ್ಜೆಯ ಸದ್ದಾದರೆ ಅಜ್ಜಿ ತಲೆ ತಿರುಗಿಸಿ, “ಬಂದ್ಲಾ?” ಎನ್ನುತ್ತಿದ್ದಳು. ನಾನು ಗೋಡೆ ನೋಡುತ್ತಿದ್ದೆ. ಮೂರನೆಯ ಮಧ್ಯಾಹ್ನ ಅಷ್ಟು ಜನರ ಗದ್ದಲದ ನಡುವೆ ಅವಳ ಉಸಿರು ಯಾವಾಗ ನಿಂತಿತೋ ಯಾರೂ ಗಮನಿಸಲಿಲ್ಲ. ಹೇಳಬೇಕೆಂದಿದ್ದ ಮಾತು ಅವಳ ಜೊತೆಯೇ ಹೋಯಿತು.

ಸತ್ತ ಮನೆಗೆ ಕರೆ ಬೇಕಿಲ್ಲ. ಸಂಜೆಯೊಳಗೆ ನಂಜಮ್ಮ ಬಂದಳು. ಅಮ್ಮ ಬಾಗಿಲಲ್ಲೇ ತಡೆದು, “ಹೇಳಿ ಕಳ್ಸಿದ್ವಲ್ಲ ನಂಜಮ್ಮ! ನಮ್ಮತ್ತೆ ಮೂರು ದಿನ ನಿನ್ ದಾರಿ ಕಾಯ್ತು. ನೀನು ಸೋಲದೇವನಹಳ್ಳೀಲಿ ಕೂತಿದ್ಯಾ?” ಎಂದು ಅತ್ತಳು. ನಂಜಮ್ಮ ಏನೂ ತಿಳಿಯದೆ ಅವಳ ಮುಖ ನೋಡಿದಳು. “ನಮ್ ಪದ್ದೂನೇ ಬಂದಿದ್ಲು, ಬೀಗ ನೋಡ್ಕೊಂಡು ಬಂದ್ಲು” ಎಂದು ಅಮ್ಮ ಅಂದಾಗ ನಂಜಮ್ಮನ ಕಣ್ಣು ಕಂಬ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿತು. ಇನ್ನು ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವಳು ಮೆಲ್ಲಗೆ, “ಊಂ ಕಣವ್ವಾ, ಓಗಿದ್ದೆ. ತಪ್ಪಾಯ್ತು” ಎಂದಳು.

ಬೈದಿದ್ದರೆ, ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು. ನನ್ನ ತಪ್ಪು ಅವಳ ತಲೆಗೆ ಬಂತು. ಅಮ್ಮ ಅದನ್ನು ಬಾವಿಕಟ್ಟೆಯಲ್ಲಿ ಹೇಳಿದಳು, ಮದುವೆಮನೆಗಳಲ್ಲಿ ಹೇಳಿದಳು. ನಮ್ಮೂರಲ್ಲಿ ಅವಳನ್ನು ಕರೆಯುವುದು ಮೆಲ್ಲಮೆಲ್ಲಗೆ ನಿಂತೇಹೋಯಿತು. ದಾರಿಯಲ್ಲಿ ಸಿಕ್ಕರೆ ನಂಜಮ್ಮ ಮಾತ್ರ, “ಏನ್ ಮಗಾ, ಸ್ಕೂಲಾ?” ಎಂದು ಮೊದಲಿನಂತೆಯೇ ಕೇಳುತ್ತಿದ್ದಳು. ನಾನು ತಲೆ ತಗ್ಗಿಸಿಕೊಂಡು ಸರಿದುಹೋಗುತ್ತಿದ್ದೆ. ನಿಜ ಹೇಳಲು ದಿನವೂ ಒಂದು ಅವಕಾಶವಿತ್ತು, ದಿನವೂ ನಾಳೆ ಹೇಳಿದರಾಯಿತು ಅನ್ನಿಸುತ್ತಿತ್ತು.

ಆರೇಳು ವರ್ಷ ಕಳೆದವು. ನನಗೆ ಮದುವೆ ಗೊತ್ತಾಗಿತ್ತು. ಅವರೆಕಾಯಿಯ ಕಾಲ, ಅಮ್ಮ ನಾನು ಜಗಲಿಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದೆವು. ನಂಜಮ್ಮನ ನೆರೆಮನೆಯ ಮುನಿಯಮ್ಮ ಬಂದು ನಿಂತಳು. “ನಂಜಮ್ಮ ಮಲಗವ್ಳೆ ಕಣವ್ವಾ, ಇನ್ನು ಏಳಾಕಿಲ್ಲ. ಯಾರ್ನ ನೋಡ್ಬೇಕು ಅಂತ ಕೇಳ್ದೆ. ನಿಮ್ ಪದ್ದೂನ ಅಂದ್ಲು.” ನನ್ನ ಕೈ ನಿಂತಿತು. ಅಮ್ಮ ತಲೆಯೆತ್ತದೆ, “ನಮ್ಮತ್ತೆ ಕರ್ದಾಗ ಅವ್ಳು ಬಂದಿದ್ಲಾ? ಮದ್ವೆ ಆಗೋ ಹುಡುಗೀನ ಸಾವಿನ ಮನೇಗೆ ಕಳಿಸಾಕಾಯ್ತದಾ? ಓಗಾಕಿಲ್ಲ ಅಂತ ಯೋಳು” ಎಂದಳು. ಆಗ ನಾನು ನಿಜವನ್ನು ಒಂದೇ ಒಂದು ಮಾತಲ್ಲಿ ಹೇಳಿದ್ದರೆ ಅಮ್ಮನೇ ನನ್ನ ಕೈ ಹಿಡಿದು ಕರೆದುಕೊಂಡು ಓಡುತ್ತಿದ್ದಳು, ನಮ್ಮಮ್ಮ ಅಂಥವಳೇ. ಮುನಿಯಮ್ಮ ನನ್ನ ಮುಖ ನೋಡಿದಳು. ನಾನು ಇನ್ನೊಂದು ಕಾಯಿ ಕೈಗೆತ್ತಿಕೊಂಡೆ.

ಮಾರನೆಯ ಮಧ್ಯಾಹ್ನ ಸುದ್ದಿ ಬಂತು. ಮುನಿಯಮ್ಮ ನೀರಿಗೆ ಹೋದ ಹೊತ್ತಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದಾಗ ಜೀವ ಹೋಗಿತ್ತಂತೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಷ್ಟು ಜನದ ಪಕ್ಕ ಕೂತೋಳು, ಅಯ್ಯೋ ಪಾಪ” ಎಂದಳು. ಅಮ್ಮ ಆಮೇಲೆ ಎಷ್ಟೋ ವರ್ಷ ಬದುಕಿದಳು, ಅವಳಿಗೂ ನಾನು ಹೇಳಲಿಲ್ಲ. ನಂಜಮ್ಮ ನನ್ನನ್ನು ಕರೆದದ್ದು ಬೈಯಲೋ, ಕ್ಷಮಿಸಲೋ, ಸುಮ್ಮನೆ ಒಮ್ಮೆ ನೋಡಲೋ, ಗೊತ್ತಿಲ್ಲ. ಅವಳು ಕರೆದಿದ್ದಳು, ಕರೆ ನನಗೆ ತಲುಪಿತ್ತು. ನಾನು ಮನೆಯಲ್ಲೇ ಇದ್ದೆ.