ಲಾಳ ಹೊಡೆದ ಬಾಗಿಲು

ನನ್ನದು ಪಗಾರ ತೆಗೆದುಕೊಂಡು ಜಗಳ ಮಾಡುವ ಕೆಲಸ. ಹುದ್ದೆಯ ಹೆಸರು ಮಾಲಕರ ಪ್ರತಿನಿಧಿ. ಆಸ್ಪತ್ರೆ, ಔಷಧದ ಕಾರ್ಖಾನೆ ಇಂಥವನ್ನು ಕಟ್ಟಿಸುವಾಗ ಗೋಡೆ ನಿಂತರೆ ಸಾಲದು, ಸರಕಾರದ ನಿಯಮಕ್ಕೂ ಹೊಂದಬೇಕು. ಕಟ್ಟಿಸುವವರಿಗೆ ಆ ನಿಯಮ ಗೊತ್ತಿರುವುದಿಲ್ಲ, ಕಟ್ಟುವವರಿಗೆ ಗೊತ್ತಿದ್ದರೂ ನೆನಪಿರುವುದಿಲ್ಲ. ನಡುವೆ ನಿಂತು ಮಾಲಕರ ಪರವಾಗಿ ನೋಡಿ, ಬೈದು, ಒಡೆಸಿ, ಕೊನೆಗೆ ಎಲ್ಲ ಸರಿ ಇದೆ ಎಂದು ಸಹಿ ಹಾಕುವವಳು ನಾನು. ಬೆಟಗೇರಿಯಲ್ಲಿರುವ ನಮ್ಮವ್ವ ಇದನ್ನೆಲ್ಲ ಕೇಳಿ, "ಇಷ್ಟ ದಿನಾ ಪುಕ್ಕಟ ಮಾಡ್ತಿದ್ದಿ, ಈಗ ರೊಕ್ಕಾ ಕೊಡ್ತಾರಂದ್ರ ಛಲೋನ ಆತು ಬಿಡು" ಅಂದಳು.

ಲಕ್ಷ್ಮೇಶ್ವರದಲ್ಲಿ ಒಬ್ಬ ಡಾಕ್ಟರರ ಎಲುಬಿನ ಆಸ್ಪತ್ರೆ ಏಳುತ್ತಿತ್ತು. ಡಾಕ್ಟರರು ಒಳ್ಳೆಯವರು. ಮುರಿದ ತೊಡೆಯನ್ನು ಕಣ್ಣು ಮಿಟುಕಿಸದೆ ಕೂಡಿಸುವ ಮನುಷ್ಯ, ತಮ್ಮ ಅವ್ವನ ಮುಂದೆ ಮಾತ್ರ ಬೆಣ್ಣೆ. ಅವ್ವಾರೋ ಶಿಗ್ಲಿಯ ದೊಡ್ಡ ಮನೆತನದ ಮಗಳು. ದಿನಾ ಮಧ್ಯಾಹ್ನ ನಮಗೆಲ್ಲ ಮಜ್ಜಿಗೆ ತರುತ್ತಿದ್ದರು. ಕುಡಿಯುವಷ್ಟು ಹೊತ್ತು ಅವರು ಹೇಳಿದ್ದನ್ನು ಕೇಳಲೇಬೇಕು.

ಅವರಿಗೂ ನನಗೂ ದೊಡ್ಡ ಜಗಳ ಆದದ್ದು ಎಕ್ಸ್-ರೇ ಕೋಣೆಯ ಮುಂದೆ.

"ಹೊಸ್ತಿಲಾ ಎಲ್ಲೈತಿ?" ಅಂದರು.

"ಇಲ್ರಿ ಅವ್ವಾರ. ಇಡಂಗಿಲ್ಲ."

"ಹೊಸ್ತಿಲಿಲ್ಲದ್ದು ಬಾಗಲಾ ಏನವಾ? ಲಕ್ಷ್ಮಿ ಎಲ್ಲಿ ಕುಂಡ್ರಬೇಕು?"

"ಕಾಲು ಮುರಕೊಂಡಾವ್ರು ಗಾಡಿ ಮ್ಯಾಲ ಮಲಗಿ ಬರ್ತಾರ್ರಿ. ಹೊಸ್ತಿಲಕ್ಕ ಗಾಲಿ ಬಡದ್ರ ಇನ್ನೊಂದು ಎಲುಬು ಮುರೀತೈತಿ."

ಅವ್ವಾರು ಮಜ್ಜಿಗೆಯ ಕೊಡ ಎತ್ತಿಕೊಂಡು ಹೊರಟುಬಿಟ್ಟರು. ಗೆದ್ದೆ ಎಂದು ನಾನು ಹಿಗ್ಗಿದೆ. ಆ ಸಂಜೆ ಗುತ್ತಿಗೆದಾರನಿಗೆ ಚಹಾ ಕೂಡ ಕುಡಿಸಿದೆ. ಗದಗಿನ ಆ ಮನುಷ್ಯನಿಗೆ ನನ್ನ ಕೈಯಿಂದ ಅಲ್ಲಿಯವರೆಗೆ ಬರೀ ಬೈಗಳು ಸಿಕ್ಕಿದ್ದವು. ಆ ಎಕ್ಸ್-ರೇ ಬಾಗಿಲಿನ ವಿಷಯದಲ್ಲಂತೂ ಅವನ ಪ್ರಾಣ ಹಿಂಡಿದ್ದೆ. ನೋಡಲು ಕಟ್ಟಿಗೆಯ ಬಾಗಿಲು, ಒಳಗೆ ಸೀಸದ ತಗಡು. ಕಿರಣಗಳು ಕೋಣೆಯಿಂದ ಹೊರಗೆ ಬರದಂತೆ ತಡೆಯುವುದೇ ಆ ತಗಡು. ಅದಕ್ಕೆ ತೂತು ಬೀಳಬಾರದು ಎಂದು, ಹೆಸರಿನ ಫಲಕಕ್ಕೂ ಮೊಳೆ ಹೊಡೆಯಬೇಡ, ಅಂಟು ಹಚ್ಚು ಎಂದಿದ್ದೆ.

ಆಮೇಲೆ ಬೇರೊಂದು ಕೆಲಸಕ್ಕೆ ಮುಂಡರಗಿಗೆ ಹೋದೆ. ತಿರುಗಿ ಬಂದಾಗ ಗುತ್ತಿಗೆದಾರ ಗೇಟಿನಲ್ಲೇ ನಿಂತಿದ್ದ. ಮುಖದ ತುಂಬ ನಗು.

"ಬರ್ರಿ ಬಾಯಾರ, ಬರ್ರಿ. ನಿಮ್ಮ ಬಾಗಲಾ ನೋಡ ಬರ್ರಿ."

ನೋಡಿದೆ. ಬಾಗಿಲಿನ ನಟ್ಟನಡುವೆ ಕುದುರೆಯ ಲಾಳ! ದೃಷ್ಟಿ ತಾಗದಿರಲೆಂದು ಲಾಳವನ್ನು ಹೊಸ್ತಿಲಿಗೆ ಹೊಡೆಯುವುದು ನಮ್ಮ ಕಡೆಯ ರೂಢಿ. ಹೊಸ್ತಿಲು ನಾನು ಇಡಗೊಡಲಿಲ್ಲ, ಅವ್ವಾರು ಬಡಿಗನನ್ನು ಕರೆಸಿ ಬಾಗಿಲಿಗೇ ಹೊಡೆಸಿದ್ದರು. ಮೊದಲು ಕೆಳಗೆ ಹೊಡೆದನಂತೆ. "ಡೊಂಕಾತು" ಅಂದರಂತೆ. ಕಿತ್ತು ಗೇಣುದ್ದ ಮೇಲೆ ಹೊಡೆದನಂತೆ. ಕೆಳಗಿನ ತೂತುಗಳು ಹಾಗೇ ಬಾಯಿ ತೆರೆದುಕೊಂಡಿದ್ದವು, ಈ ಕಡೆಯಿಂದ ಆ ಕಡೆಗೆ ಪೂರ್ತಿ.

"ನೀವ್ಯಾಕ ತಡೀಲಿಲ್ಲ?" ಎಂದು ಕಿರುಚಿದೆ.

"ಮಾಲಕರ ತಾಯಿರೀ. ಮಾಲಕರ ಕಡಿಯಾವ್ರು ನೀವು. ನಡುವ ನಾ ಯಾಂವ?" ಅಂದ. ಎಲಾ ಇವನ!

ಮರುದಿನ ಮುಂಜಾನೆ ಯಂತ್ರದ ಕಂಪನಿಯವ ಬಂದು ಯಂತ್ರ ಚಾಲೂ ಮಾಡಿ, ಹೊರಗೆ ಅಳತೆಯ ಮೀಟರು ಹಿಡಿದ. ಗೋಡೆಯ ಹತ್ತಿರ ಮುಳ್ಳು ಅಲ್ಲಾಡಲಿಲ್ಲ. ಆ ತೂತುಗಳ ಮುಂದೆ ಎದ್ದು ಕುಣಿಯಿತು. "ಈ ಬಾಗಲಾ ಪಾಸ್ ಆಗಂಗಿಲ್ರಿ" ಎಂದು ಹೇಳಿ ಹೋದ.

ಬಾಗಿಲಿನ ಎದುರಿಗೇ ಒಂದು ಮೇಜು. ಎಕ್ಸ್-ರೇ ತೆಗೆಯಲು ನೇಮಿಸಿದ್ದ ಕೊರ್ಲಹಳ್ಳಿಯ ಹುಡುಗಿ ಅಲ್ಲಿ ಕೂತೇ ಯಂತ್ರದ ಗುಂಡಿ ಒತ್ತಬೇಕು. ಬಸುರಿ, ಚೊಚ್ಚಲು. ಕೂಡಲೇ ಡಾಕ್ಟರರಿಗೆ ಫೋನು ಮಾಡಿದೆ.

"ನಾಳಿಗೆ ಉದ್ಘಾಟನೆ ಐತ್ರಿ" ಅಂದರು. "ಎಲ್ಲಾರನ್ನೂ ಕರದೇವಿ. ನಾಳೆ ಎರಡ-ಮೂರು ಎಕ್ಸ್-ರೇ ಫೋಟೋ ತಗಿಯೋಣು, ಆಮ್ಯಾಲ ಬಾಗಲಾ ರಿಪೇರಿ ಮಾಡಸೋಣು. ಈಗ ಲಾಳಾ ಕಿತ್ರ ಅವ್ವ ಬ್ಯಾಸರಾ ಮಾಡಕೋತಾಳ. ನೀವು ಸಹಿ ಮಾಡಿಬಿಡ್ರಿ."

"ಮಾಡಂಗಿಲ್ರಿ."

"ನೀವು ನನ್ನ ಕಡಿಯಾವ್ರಲ್ಲೇನ್ರಿ?"

"ನಿಮ್ಮ ಕಡಿಯಾಕಿ ಅಂತನ ಮಾಡಂಗಿಲ್ಲ."

ಫೋನು ಕಟ್ ಆಯಿತು. ಹುಡುಗಿಗೆ ಮೇಜು ಬಿಟ್ಟು ಏಳು ಎಂದೆ. "ಸಾಹೇಬ್ರು ನಾಳೆ ಇಲ್ಲೇ ಕುಂಡ್ರು ಅಂದಾರ್ರಿ ಅಕ್ಕಾರ. ಹೊಸಾ ಕೆಲಸಾ, ಹೆಂಗ ಒಲ್ಲೆ ಅನ್ಲಿ?" ಅಂದಳು. ಬಡಿಗನಿಗೆ ಲಾಳ ಕೀಳಲು ಹೇಳಿ ಕಳಿಸಿದೆ, ಬರಲಿಲ್ಲ. ದೃಷ್ಟಿಯ ಲಾಳ ಕಿತ್ತವರಿಗೇ ದೃಷ್ಟಿ ಹತ್ತುತ್ತದಂತೆ. ಗುತ್ತಿಗೆದಾರ ಎರಡೂ ಕೈ ಜೋಡಿಸಿ, "ನನಗ ಸಣ್ಣ ಮಕ್ಕಳದಾವ್ರಿ" ಅಂದ. ಅವನ ಮಕ್ಕಳು ಕಾಲೇಜಿಗೆ ಹೋಗುತ್ತಾರೆ.

ಸಂಜೆ ಹೂವಿನ ಅಲಂಕಾರ ನೋಡಲು ತಾಯಿ ಮಗ ಇಬ್ಬರೂ ಬಂದರು. ನಾನು ಹೊರಗಿನ ದೀಪ ಆರಿಸಿ, ಗುತ್ತಿಗೆದಾರನ ಕೈಗೆ ಬ್ಯಾಟರಿ ಕೊಟ್ಟು ಎಕ್ಸ್-ರೇ ಕೋಣೆಯೊಳಗೆ ನೂಕಿ ಬಾಗಿಲು ಹಾಕಿದೆ. "ಹಚ್ರಿ!" ಎಂದು ಕೂಗಿದೆ. ತೂತುಗಳೊಳಗಿಂದ ಬೆಳಕು ತೂರಿ ಬಂತು. ಎದುರಿಗೆ ಮೇಜಿನ ಪಕ್ಕ ಕುಳಿತಿದ್ದ ಹುಡುಗಿಯ ಸೀರೆಯ ಮೇಲೆ, ಸರಿಯಾಗಿ ಹೊಟ್ಟೆಯ ಮೇಲೆ, ಬೆಳಕಿನ ಚುಕ್ಕಿಗಳು ಬಿದ್ದವು.

"ಏನಿದು?" ಅಂದರು ಅವ್ವಾರು.

"ಯಂತ್ರಾ ಚಾಲೂ ಆದ್ರ ಬೆಳಕಿನ ಬದ್ಲಿ ಕಿರಣಾ ಬರ್ತಾವ್ರಿ. ಕಣ್ಣಿಗೆ ಕಾಣಂಗಿಲ್ಲ. ದಿನಾ ಬಿದ್ರ ಕೂಸಿಗೆ ಛಲೋ ಅಲ್ಲ. ಮೊಳಿ ಹೊಡದದ್ದಕ್ಕ ಒಳಗಿನ ತಗಡು ತೂತ ಬಿದ್ದೈತಿ."

ಅವ್ವಾರು ಆ ಚುಕ್ಕಿಗಳನ್ನು ನೋಡುತ್ತ ನಿಂತರು. ಆಮೇಲೆ ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿ ದೂರ ಕೂರಿಸಿದರು. ದೀಪ ಹಾಕಿಸಿ ಸುತ್ತಿಗೆ ಕೇಳಿ ಇಸಿದುಕೊಂಡರು. ಮಗ "ಅವ್ವಾ, ನೀ ಬ್ಯಾಡ" ಎಂದು ಮುಂದೆ ಬಂದರೆ ಕೈ ಕೊಸರಿಕೊಂಡರು.

"ದೃಷ್ಟಿ ಹತ್ತೂದಿದ್ರ ನನಗ ಹತ್ತಲಿ. ನಾ ಎಲ್ಲಾ ಉಂಡು ಉಟ್ಟು ಕುಂತಾಕಿ."

ಲಾಳ ನೆಲಕ್ಕೆ ಬಿತ್ತು. ಅವ್ವಾರು ಏದುಸಿರು ಬಿಡುತ್ತ ಮಗನ ಕಡೆ ತಿರುಗಿದರು.

"ನಿನಗ ಗೊತ್ತಿತ್ತೇನು?"

"ಮುಂಜಾನೆ ಗೊತ್ತಾತವಾ. ನಿನಗ ಬ್ಯಾಸರ ಆದೀತಂತ..."

"ನನ್ನ ಬ್ಯಾಸರಾ ಎರಡ ದಿನದ್ದಲೇ! ಅಕಿ ಕೂಸಿಂದು?"

ಡಾಕ್ಟರರು ಜೇಬಿನಿಂದ ಫೋನು ತೆಗೆದು ಮರುದಿನದ ಮುಖ್ಯ ಅತಿಥಿಗೆ ಹಚ್ಚಿದರು. "ಉದ್ಘಾಟನಾ ಮುಂದ ಹಾಕೇವ್ರಿ. ಗುತ್ತಿಗೆದಾರ್ರು ಕೂಡ್ರಿಸಿದ ಬಾಗಲದಾಗ ಏನೋ ದೋಷಾ..."

ಕೋಣೆಯಿಂದ ಬ್ಯಾಟರಿ ಹಿಡಿದುಕೊಂಡೇ ಹೊರಗೆ ಬಂದಿದ್ದ ಗುತ್ತಿಗೆದಾರ ಬಾಯಿ ತೆರೆದು ನನ್ನನ್ನು ನೋಡಿದ. ನಾನು ಮಾತಾಡುವ ಮೊದಲೇ ಅವ್ವಾರು ಸುತ್ತಿಗೆಯನ್ನು ಮೇಜಿನ ಮೇಲೆ ಕುಕ್ಕಿದರು.

"ಸುಳ್ಳ ಹೇಳಬ್ಯಾಡ. ನಮ್ಮವ್ವ ಮೊಳಿ ಹೊಡಿಸಿದ್ಲು, ನಾ ಗೊತ್ತಿದ್ದೂ ಸುಮ್ಮನಿದ್ದೆ ಅನ್ನು."

ಡಾಕ್ಟರರು ತಲೆ ತಗ್ಗಿಸಿ, ಅವ್ವ ಹೇಳಿದ್ದನ್ನು ಒಂದು ಮಾತೂ ಬಿಡದೆ ಅತಿಥಿಗೆ ಹಾಗೆಯೇ ಅಂದರು.