ಯಂತ್ರ ನುಂಗಿದ ಬಟವಾಡೆ

ಕ್ಯಾತನಹಳ್ಳಿಯಿಂದ ಪಾಂಡವಪುರಕ್ಕೆ ನಾನು ಆಟೋ ಓಡಿಸುತ್ತಿದ್ದಾಗ, ಡೈರಿಯ ಬಟವಾಡೆ ಬ್ಯಾಂಕಿಗೆ ಬಿದ್ದ ಮರುದಿನ ನಮ್ಮ ಬೀದಿಯ ಹೆಂಗಸರೆಲ್ಲ ತಮ್ಮ ಎಟಿಎಂ ಕಾರ್ಡುಗಳನ್ನು ನನ್ನ ಕೈಗೆ ಕೊಡುತ್ತಿದ್ದರು. ಗುಟ್ಟಿನ ನಂಬರನ್ನು ಕಾರ್ಡಿನ ಕವರಿನ ಮೇಲೆ ಪೆನ್ನಿನಲ್ಲಿ ದಪ್ಪಗೆ ಬರೆದಿರುತ್ತಿದ್ದರು. ಹಸು ಬಿಟ್ಟು ಪೇಟೆಗೆ ಹೋಗಿ ಸಾಲಿನಲ್ಲಿ ನಿಲ್ಲಲು ಯಾರಿಗೆ ಪುರುಸೊತ್ತು? ಆ ಕಾರ್ಡುಗಳನ್ನು ಜೇಬಿಗಿಳಿಸುವಾಗ ನನಗೆ ಒಳಗೊಳಗೇ ಜಂಬ. ಇಡೀ ಬೀದಿ ನನ್ನನ್ನು ನಂಬಿದೆ ಅಂದುಕೊಂಡಿದ್ದೆ.

ಒಂದು ಸಲ ಪಕ್ಕದ ಮನೆಯ ದೊಡ್ಡಮ್ಮನ ಕಾರ್ಡು ಹಾಕಿದೆ. ಯಂತ್ರ ಗರಗರ ಅಂದಿತು, ಕಾರ್ಡನ್ನು ಹೊರಗೆ ತಳ್ಳಿತು, ದುಡ್ಡು ಮಾತ್ರ ಕೊಡಲಿಲ್ಲ. ಊರಿಗೆ ಬಂದು ಹೇಳುವಷ್ಟರಲ್ಲಿ, ದುಡ್ಡು ತೆಗೆದದ್ದಾಗಿದೆ ಎಂಬ ಮೆಸೇಜು ಅವರ ಮೊಬೈಲಿಗೆ ಬಂದು ಕೂತಿತ್ತು.

"ಓಗ್ಲಿ ಬುಡ್ಲಾ ಮಗ, ಮಿಸಿನ್ನು ಕೆಟ್ಟಿರ್ಬೇಕು, ನೀನೇನ್ ಮಾಡೀಯ?" ಅಂದರು. ಒಂದು ಲೋಟ ಕಾಫಿಯನ್ನೂ ಕೊಟ್ಟರು.

ಮರುದಿನ ಇಬ್ಬರೂ ಬ್ಯಾಂಕಿಗೆ ಹೋದೆವು. ಕಾರ್ಡು ಹಾಕಿದ್ದು ಯಾರು ಎಂದು ಆಫೀಸರು ಕೇಳಿದರು. ದೊಡ್ಡಮ್ಮ ಸುಳ್ಳು ಹೇಳುವವರಲ್ಲ.

"ಇವ್ನೇಯ ಕಣ್ ಸ್ವಾಮಿ, ನಂಗೆ ಮಗ ಇದ್ದಂಗೆ."

ಆಫೀಸರ ಮುಖ ಅರಳಿತು. "ನಂಬರ್ ಬೇರೆಯವರಿಗೆ ಕೊಟ್ಟಿದ್ದೀರಲ್ಲಮ್ಮ, ಜವಾಬ್ದಾರಿ ನಿಮ್ಮದೇ. ದುಡ್ಡು ಎಲ್ಲಿ ಅಂತ ಇವರನ್ನೇ ಕೇಳಿ."

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಂಬರು ಕೊಟ್ಟದ್ದು ತಪ್ಪೇ, ಒಪ್ಪಿದೆ. ಆದರೆ ಯಂತ್ರ ದುಡ್ಡು ಕೊಡದೇ ಹೋದದ್ದಕ್ಕೂ ಅದಕ್ಕೂ ಏನು ಸಂಬಂಧ? "ಕ್ಯಾಮೆರಾ ನೋಡಿ ಸಾರ್, ಮಿಸಿನ್ನಲ್ಲಿರೋ ದುಡ್ ಎಣ್ಸಿ" ಅಂದೆ. ಅವರು ಟೀ ತರಿಸಿಕೊಂಡರು.

ಅಂಥ ದುಡ್ಡನ್ನು ಬ್ಯಾಂಕೇ ಕೆಲವು ದಿನಗಳಲ್ಲಿ ಹಿಂದಿರುಗಿಸಬೇಕು, ತಡವಾದರೆ ದಿನಕ್ಕಿಷ್ಟು ಅಂತ ಪರಿಹಾರ ಕೊಡಬೇಕು ಎಂಬ ನಿಯಮವಿದೆಯೆಂದು ಆಮೇಲೆ ವಕೀಲರೊಬ್ಬರು ಹೇಳಿದರು. ಅವರಿಂದಲೇ ಮೇಲಿನವರಿಗೆ ದೂರು ಬರೆಸಿದೆ. ಅಷ್ಟರಲ್ಲಿ, ಖಾತೆಯಲ್ಲಿ ಇರಬೇಕಾದಷ್ಟು ಹಣವಿಲ್ಲ ಅಂತ ಬ್ಯಾಂಕು ದಂಡವನ್ನೂ ಮುರಿದುಕೊಂಡಿತು. ತಾನೇ ನುಂಗಿ, ಖಾಲಿಯಾಯಿತೆಂದು ದಂಡ ಹಾಕುವ ಈ ನಾಚಿಕೆಗೇಡಿತನ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಬೀದಿಯಲ್ಲಿ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಉತ್ತರ ಹೇಳುತ್ತಿದ್ದೆ. ಮುಂದಿನ ಬಟವಾಡೆಗೆ ಕಾರ್ಡುಗಳು ಮಾತ್ರ ಬರಲಿಲ್ಲ. "ನಾವೂ ಮಿಸಿನ್ ಕಲ್ತ್ಕಬೇಕಲ್ಲಪ್ಪ" ಎಂದು ನಗುತ್ತಾ ಹೆಂಗಸರೆಲ್ಲ ನನ್ನದೇ ಆಟೋ ಹತ್ತಿ ಪೇಟೆಗೆ ಬಂದರು. ಅವರು ಒಳಗೆ ಹೋದರು, ನಾನು ಹೊರಗೆ ಕಾದೆ. ದೊಡ್ಡಮ್ಮನಾದರೂ ನನ್ನ ಪರ ಇದ್ದಾರಲ್ಲ ಎಂಬುದೊಂದೇ ಸಮಾಧಾನ.

ತಿಂಗಳುಗಳಾದ ಮೇಲೆ ದುಡ್ಡು ಖಾತೆಗೆ ಮರಳಿತು. ಪರಿಹಾರವಿಲ್ಲ, ಕ್ಷಮೆಯಿಲ್ಲ, ಮುರಿದುಕೊಂಡ ದಂಡವೂ ವಾಪಸ್ಸಿಲ್ಲ. ದೊಡ್ಡಮ್ಮ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಬಂತು ಕಣ್ಲಾ ಮಗ ದುಡ್ಡು! ನೀನ್ ತಗಂಡಿರ್ನಿಲ್ಲ ಅನ್ನೋದು ಇವತ್ತು ಗೊತ್ತಾಯ್ತು" ಅಂದರು.